ಎಡಗಾಲಿನ ಚಪ್ಪಲಿ, ಛತ್ರಿಯ ಕಡ್ಡಿ

ಇದು ಖರೇ ನಡೆದದ್ದು. ಸುಳ್ಳು ಕಟ್ಟುವುದೇ ಆಗಿದ್ದರೆ ನಾನು ಇದರಲ್ಲಿ ಇಷ್ಟು ಪೆದ್ದನಾಗಿ ಯಾಕೆ ಕಾಣಿಸಿಕೊಳ್ಳುತ್ತಿದ್ದೆ? ಮೇಲಾಗಿ ಸಾಕ್ಷಿಗೆ ನನ್ನ ಎಡಗಾಲಿನ ನೀಲಿ ಚಪ್ಪಲಿ ಇದೆ. ಪೂರ್ತಿ ಇಲ್ಲ, ಹಿಮ್ಮಡದ ಭಾಗ ಮಾತ್ರ.

ನಮ್ಮ ಜುಗೂಳದಲ್ಲಿ ಕೃಷ್ಣೆ ಹೊರಳುವ ಕಡೆ ದಂಡೆಗೆ ಹತ್ತಿಕೊಂಡು ಒಂದು ಹಾಸುಗಲ್ಲಿದೆ. ಕೂತರೆ ಬೆನ್ನಿಗೆ ಹುಣಸೆಮರದ ನೆರಳು, ಕಾಲ ಕೆಳಗೆ ಎರಡಾಳು ನೀರು. ಆ ನೀರಿನ ತಳದಲ್ಲಿ ಶಿಂಗಾಳಾ ಮೀನು ಇರುತ್ತವೆ. ಮೈ ನುಣುಪು, ಬಾಯಿ ಅಗಲ, ಮೀಸೆ ಮಾತ್ರ ಹಳೇ ಕಾಲದ ಪೈಲವಾನರ ಹಾಗೆ ಉದ್ದುದ್ದ. ಕಲ್ಲಿನ ಮೇಲೆ ಯಾರು ಕೂರಬೇಕು ಅನ್ನುವುದಕ್ಕೆ ದಂಡೆಯ ಮಂದಿಯೇ ಮಾಡಿಕೊಂಡ ಒಂದು ಕಾಯದೆ ಉಂಟು. ಬೇಸಿಗೆಯಲ್ಲಿ ಹೊಳೆ ಇಳಿದ ದಿನದಿಂದ ಮಳೆಗಾಲದ ಕೆಂಪು ನೀರು ಬರುವ ತನಕ ಎಲ್ಲರಿಗಿಂತ ದೊಡ್ಡ ಶಿಂಗಾಳಾ ಯಾರು ಹಿಡಿಯುತ್ತಾರೋ, ಒಂದು ವರ್ಷ ಕಲ್ಲು ಅವರದು. ಷರತ್ತು ಒಂದೇ. ಗಾಳ ಮತ್ತು ಅದನ್ನು ತೇಲಿಸುವ ಬೆಂಡು, ಎರಡೂ ಕೈಯಾರೆ ಮಾಡಿದ್ದಿರಬೇಕು. ಮಿರಜದ ಅಂಗಡಿಯ ಗಾಳದಿಂದ ಹಿಡಿದ ಮೀನನ್ನು ತಿನ್ನಬಹುದು, ಕಲ್ಲಿನ ಮೇಲೆ ಕೂರುವಂತಿಲ್ಲ.

ಏಳು ವರ್ಷದಿಂದ ಆ ಕಲ್ಲು ರಾವಸಾಹೇಬ ಕಾಕಾ ಅವರದು. ಮೂವತ್ತೊಂದು ವರ್ಷ ಬಸ್ಸಿನ ಕಂಡಕ್ಟರ್ ಆಗಿ ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಅಂತ ನಿಂತುಕೊಂಡೇ ತಿರುಗಿದವರು. ಕೂರುವುದೇನಿದ್ದರೂ ನಿವೃತ್ತಿಯ ನಂತರ, ಈ ಕಲ್ಲಿನ ಮೇಲೆ. ನೌಕರಿ ಬಿಟ್ಟರೂ ಸಂಶಯ ಅವರನ್ನು ಬಿಟ್ಟಿರಲಿಲ್ಲ. ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುವ ಪ್ರಯಾಣಿಕ ನಿಜಕ್ಕೂ ನಿದ್ದೆ ಮಾಡುತ್ತಿದ್ದಾನೆ ಎಂದು ಅವರು ಒಂದು ದಿನವೂ ನಂಬಿದವರಲ್ಲ. ಮನೆಯಲ್ಲೂ ಅದೇ. ಉಪ್ಪಿನಕಾಯಿ ಭರಣಿ ನಿನ್ನೆ ಎಲ್ಲಿಯ ತನಕ ಇತ್ತು, ಇವತ್ತು ಎಲ್ಲಿಗೆ ಇಳಿದಿದೆ, ನಡುವೆ ಯಾರು ಹತ್ತಿದರು, ಯಾರು ಇಳಿದರು ಎಂಬ ವಿಚಾರಣೆ. ಕಲ್ಲಿನ ಮೇಲೆ ಕೂತಾಗ ಮಾತ್ರ ಅವರ ಹುಬ್ಬು ಸಡಿಲಾಗುತ್ತಿತ್ತು, ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಅವರ ಹೆಂಡತಿ ಸುಂದರಾ ಕಾಕೂಗೆ ಇದು ಚೆನ್ನಾಗಿ ಗೊತ್ತು. ಮೇ ತಿಂಗಳು ಮುಗಿಯುತ್ತ ಬಂದರೂ ಗಂಡನ ಗಾಳಕ್ಕೆ ಗೇಣುದ್ದದ ಮರಿ ಬಿಟ್ಟರೆ ಏನೂ ಬೀಳದಿದ್ದಾಗ ನನ್ನನ್ನು ಕರೆದು ಹೇಳಿದರು: "ಆ ಕಲ್ಲ ಹೋತಂದ್ರ ಇವ್ರು ದಿನಾ ಪೂರಾ ಮನ್ಯಾಗ ಕುಂದರ್ತಾರ, ತಮ್ಮಾ. ಹಾಲ ಯಾಕ ಕಡಿಮಿ ಕೊಟ್ಟಿ ಅಂತ ಎಮ್ಮಿಗಿ ಸೈತ ಕೇಳ್ತಾರ."

ಕಲ್ಲು ಹೋಗುವ ಲಕ್ಷಣ ಇತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಛತ್ರಿ, ಸೈಕಲ್ ರಿಪೇರಿ ಮಾಡುವ ದಸ್ತಗೀರ ಮಾಮಾ ಆ ಬೇಸಿಗೆಯಲ್ಲಿ ಒಂದು ಮೊಳದ ಶಿಂಗಾಳಾ ಹಿಡಿದಿದ್ದ. ರಾವಸಾಹೇಬ ಕಾಕಾಗೆ ಮಾಮಾ ಹಳೇ ಗೆಳೆಯ. ನೌಕರಿ ಹತ್ತಿದ ವರ್ಷ ಕಾಕಾ ಕೊಂಡ ಕಪ್ಪು ಛತ್ರಿಯನ್ನು ಪ್ರತಿ ಮಳೆಗಾಲದ ಮುಂಚೆ ರಿಪೇರಿ ಮಾಡಿ ಮಾಡಿ ಇಲ್ಲಿಯ ತನಕ ಬದುಕಿಸಿಟ್ಟವನು ಅವನೇ. ಮಾತಿಗೊಮ್ಮೆ ಸಣ್ಣಗೆ ಎರಡು ಸಲ ಕೆಮ್ಮುತ್ತಾನೆ, ಕೆಮ್ಮಿ "ಬರೋಬ್ಬರ" ಅನ್ನುತ್ತಾನೆ. ಟಯರ್ ಪಂಕ್ಚರ್ ಆದರೂ ಬರೋಬ್ಬರ, ಆಗದಿದ್ದರೂ ಬರೋಬ್ಬರ.

ಇನ್ನು ನಾನು. ಅಭಿನಂದನ, ಎಂ.ಎ. ಪಾಸಾಗಿ ಕಾಗವಾಡದಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನು. ಹಗಲೆಲ್ಲ ಕಾಗದದ ನಕಲು ತೆಗೆಯುತ್ತೇನೆ, ಉಳಿದ ಹೊತ್ತು ಮಂದಿಯ ನಕಲು. ಪಂಚಾಯ್ತಿ ಮೈಕಿನ ಗೊರಗೊರ, ಬಾಳೆಹಣ್ಣಿನ ಗಾಡಿಯವನ ರಾಗ, ನಮ್ಮ ಕಾಲೇಜಿನ ಪ್ರಿನ್ಸಿಪಾಲರ ಮೂಗು, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗೆ ಇವೆ. ನಮ್ಮದು ಜೈನರ ಮನೆ, ಅಡಿಗೆಗೆ ಉಳ್ಳಾಗಡ್ಡಿ ಸಹ ಬೀಳುವುದಿಲ್ಲ. ಹೀಗಾಗಿ ಅಂಗಡಿ ತೆರೆಯುವ ಮುಂಚೆ ನಾನು ಹೊಳೆದಂಡೆಯಲ್ಲಿ ಎಷ್ಟು ಹೊತ್ತು ಅಡ್ಡಾಡಿದರೂ ನನ್ನ ಮೇಲೆ ಯಾರದೂ ಸಂಶಯ ಇಲ್ಲ. ಗಾಳ ಮುಟ್ಟದವನು, ಮೀನು ಮುಟ್ಟದವನು. ಇದನ್ನು ನೆನಪಿಟ್ಟುಕೊಳ್ಳಿ.

ಏಪ್ರಿಲ್‌ನಲ್ಲಿ ಒಂದು ದಿನ ಬಸದಿಯಿಂದ ಹೊರಗೆ ಬಂದಾಗ ನನ್ನ ಹೊಸ ಹವಾಯಿ ಚಪ್ಪಲಿಯಲ್ಲಿ ಬಲಗಾಲಿನದು ಇತ್ತು, ಎಡಗಾಲಿನದು ಇರಲಿಲ್ಲ. ಕಳ್ಳ ಎರಡೂ ಒಯ್ದರೆ ಕಳ್ಳತನ. ಒಂದೇ ಒಯ್ದರೆ ಅದು ಬೇರೆ ಏನೋ. ನಾಲ್ಕನೇ ದಿನ ಹೊಳೆಯ ಮೇಲೆ ನೋಡುತ್ತೇನೆ, ರಾವಸಾಹೇಬ ಕಾಕಾ ಅವರ ಬೆಂಡುಗಳ ಸಾಲಿನಲ್ಲಿ ಅದೇ ನೀಲಿ ಬಣ್ಣದ ತುಂಡೊಂದು ತೇಲುತ್ತಿದೆ.

ಅವರ ಬೆಂಡಿನ ಶಾಸ್ತ್ರ ದಂಡೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪ್ಲಾಸ್ಟಿಕ್ ಬಾಟಲಿ ಬಿಸಿಲಿಗೆ ಮಿಂಚಿ ಮೀನನ್ನು ಹೆದರಿಸುತ್ತದೆ. ಥರ್ಮಾಕೋಲನ್ನು ಸಣ್ಣ ಮೀನು ಕುಟುಕಿ ಕುಟುಕಿ ಪುಡಿ ಮಾಡುತ್ತವೆ. ಒಣ ಸೋರೆಬುರುಡೆ ಮೊದಮೊದಲು ತೇಲುತ್ತದೆ, ಆಮೇಲೆ ನೀರು ಕುಡಿದು ತೂಗಾಡುತ್ತದೆ. ಹವಾಯಿ ಚಪ್ಪಲಿಯ ಅಟ್ಟೆಯೇ ಉತ್ತಮ. ಅಂಗೈಯಗಲ ದುಂಡಗೆ ಕೊಯ್ದು, ಕಾಯಿಸಿದ ಮೊಳೆಯಿಂದ ನಡುವೆ ತೂತು ಮಾಡಿ, ತಂಗೂಸು ಅನ್ನುವ ನೈಲಾನಿನ ಸಣ್ಣ ದಾರ ಪೋಣಿಸಿ, ಕೆಳಗೆ ಮೂರು ಮೊಳದ ಆಳಕ್ಕೆ ಗಾಳ, ಗಾಳದ ಮೇಲೆ ಭಾರಕ್ಕೊಂದು ಹಳೇ ನಟ್ಟು. ಅಟ್ಟೆ ನೀರ ಮೇಲೆ ರೊಟ್ಟಿಯ ಹಾಗೆ ಸುಮ್ಮನೆ ಮಲಗುತ್ತದೆ. ಮೀನು ಬಾಯಿ ಹಾಕಿದರೆ ಒಂದು ಅಂಚು ಮಾತ್ರ ಬಾಗಿ ಹೌದು ಅನ್ನುತ್ತದೆ. ಅದರಲ್ಲೂ ಎಡಗಾಲಿನದೇ ಆಗಬೇಕು. ಬಸ್ಸಿನಿಂದ ಇಳಿಯುವಾಗ ಎಡಗಾಲು ಮುಂದಿಡಬೇಕಲ್ಲ, ಹಾಗೆ ಇಟ್ಟೂ ಇಟ್ಟೂ ಎಡಗಾಲಿನ ಅಟ್ಟೆಗೆ ತಾಳಿಕೆ ಬಂದಿರುತ್ತದೆ ಎಂಬುದು ಕಾಕಾ ಅವರ ಸಿದ್ಧಾಂತ. ಹೀಗಾಗಿ ಊರಲ್ಲಿ ಯಾರದೇ ಎಡ ಚಪ್ಪಲಿ ಕಳೆದರೂ ಮಂದಿ ಮೊದಲು ಹೊಳೆಯ ಕಡೆ ನೋಡುತ್ತಿದ್ದರು.

ಕೇಳಿದೆ. ನನ್ನನ್ನೇ ಅನುಮಾನದಿಂದ ನೋಡಿ, ನಿನ್ನ ಚಪ್ಪಲಿ ಅಂತ ಹೇಳಲಿಕ್ಕೆ ಗುರುತೇನು, ಟಿಕೇಟು ಇದೆಯೇ ಎಂದರು. ಅವತ್ತೇ ನಾನು ಸೇಡಿನ ಸಂಕಲ್ಪ ಮಾಡಿದೆ. ಅಹಿಂಸೆಯಲ್ಲೇ.

ಕಾಕಾ ಬೆಳಿಗ್ಗೆ ಆರಕ್ಕೆ ಬೆಂಡು ಬಿಟ್ಟು, ದಾರದ ತುದಿಯನ್ನು ದಂಡೆಯ ಗೂಟಕ್ಕೆ ಕಟ್ಟಿ, ಎಂಟಕ್ಕೆ ನಾಷ್ಟಾ ಮಾಡಲು ಮನೆಗೆ ಹೋಗುತ್ತಿದ್ದರು. ಅವರು ಆ ಕಡೆ ಹೋದೊಡನೆ ನಾನು ನೀಲಿ ಬೆಂಡಿನ ದಾರ ಎಳೆದುಕೊಂಡು, ಅದಕ್ಕೆ ನನ್ನದೊಂದು ಸಣ್ಣ ತಂಗೂಸನ್ನು ಜಾರುಗಂಟು ಹಾಕಿ ಮತ್ತೆ ನೀರಿಗೆ ಬಿಡುತ್ತಿದ್ದೆ. ನನ್ನ ತುದಿ ಮೂವತ್ತು ಹೆಜ್ಜೆ ಮೇಲ್ಗಡೆ, ಜೊಂಡಿನ ಪೊದೆಯೊಳಗೆ. ಕಾಕಾ ತಿರುಗಿ ಬಂದು ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ ಮೇಲೆ ಮೆಲ್ಲಗೆ ಎಳೆಯುತ್ತಿದ್ದೆ. ಕೃಷ್ಣೆ ಹರಿಯುವುದು ಕೆಳಕ್ಕೆ, ಬೆಂಡು ಹೊರಡುವುದು ಮೇಲಕ್ಕೆ. ಕಾಕಾ ಎದ್ದು ನಿಂತರೆ ಒಂದು ಜಗ್ಗು, ಗಂಟು ಬಿಚ್ಚಿಕೊಂಡು ಸಾಕ್ಷಿ ಮಾಯ. ಜೊಂಡಿನೊಳಗಿಂದ ಸಣ್ಣಗೆ ಎರಡು ಕೆಮ್ಮು, ಒಂದು "ಬರೋಬ್ಬರ". ದಸ್ತಗೀರ ಮಾಮಾನ ದನಿ ನನಗೆ ಅವನಿಗಿಂತ ಚೆನ್ನಾಗಿ ಬರುತ್ತಿತ್ತು.

ಜೂನ್ ಹುಟ್ಟಿದ ಮೇಲೆ ಮೂರು ದಿನ ಹೀಗೆ ಆಡಿದೆ. ನಾಲ್ಕನೇ ದಿನ ಆಟ ನನ್ನ ಕೈಮೀರಿತು. ಅವತ್ತು ನಾನು ಏನೂ ಮಾಡಿರಲಿಲ್ಲ. ಕಾಗವಾಡಕ್ಕೆ ಬೇಗ ಹೋಗಬೇಕಿತ್ತು, ಹೋಗುವ ಮುಂಚೆ ದಂಡೆಯಲ್ಲಿ ಒಂದು ಗಳಿಗೆ ನಿಂತಿದ್ದೆ ಅಷ್ಟೆ. ಕಾಕಾ ನೀಲಿ ಬೆಂಡನ್ನು ಎಳೆದುಕೊಂಡರು. ತುದಿಯಲ್ಲಿ ಎರೆಹುಳ ಇರಲಿಲ್ಲ. ಗಾಳ ಇತ್ತು, ಆದರೆ ಕೊಕ್ಕೆಯಾಗಿ ಅಲ್ಲ, ಸೆಟೆದ ಕಡ್ಡಿಯಾಗಿ. ಯಾರೋ ಇಕ್ಕಳದಿಂದ ಹಿಡಿದು ನೆಟ್ಟಗೆ ಮಾಡಿಟ್ಟ ಹಾಗೆ. ಮರುದಿನ ಮತ್ತೆ ಹಾಗೇ. ಅದರ ಮರುದಿನ ಗಾಳವೇ ಇಲ್ಲ, ತಂಗೂಸು ಕಡಿದಿತ್ತು.

ಇಕ್ಕಳ ಯಾರ ಹತ್ತಿರ ಇರುತ್ತದೆ? ಕಾಕಾಗೆ ಉತ್ತರ ಸಿದ್ಧವಿತ್ತು. ಎಳೆದವನು ನಾನು, ಕೆಮ್ಮಿದವನು ನಾನು. ಗಾಳ ನೆಟ್ಟಗೆ ಮಾಡಿದವನು ಮಾತ್ರ ನಾನಲ್ಲ. ಹಾಗಾದರೆ ನಾನು ಸುಳ್ಳಾಗಿ ತೋರಿಸಿದ ಕಳ್ಳ ನಿಜವಾಗಿಯೂ ಬರುತ್ತಿದ್ದಾನೆಯೇ? ಅವತ್ತು ಸಂಜೆ ಪಂಕ್ಚರ್ ತೆಗೆಸುವ ನೆಪದಲ್ಲಿ ಮಾಮಾನ ಅಂಗಡಿಗೆ ಹೋಗಿ ಅವನ ಇಕ್ಕಳವನ್ನು ಹೊರಳಿಸಿ ಹೊರಳಿಸಿ ನೋಡಿದೆ. ಮೀನಿನ ವಾಸನೆ ಬಂದ ಹಾಗಾಯಿತು. ಗ್ರೀಸಿನದೂ ಇರಬಹುದು. ಅವನು ನನ್ನನ್ನೇ ನೋಡುತ್ತ ಕೆಮ್ಮಿದ. ನನಗೆ ನನ್ನದೇ ದನಿ ಕೇಳಿದ ಹಾಗಾಯಿತು.

ಗಾಳದ ವಿಷಯದಲ್ಲಿ ಇಬ್ಬರಿಗೂ ಮೊದಲಿಂದ ಜಗಳ ಇತ್ತು. ಕಾಕಾ ಗಾಳ ಮಾಡುತ್ತಿದ್ದದ್ದು ಸೈಕಲ್ಲಿನ ಕಡ್ಡಿಯಿಂದ. ನೋಡಲು ಬೆಳ್ಳಿಯ ಹಾಗೆ ಫಳಫಳ, ಬಾಗಿಸಲು ಸಲೀಸು. ಮಾಮಾ ಮಾಡುತ್ತಿದ್ದದ್ದು ಹಳೇ ಛತ್ರಿಯ ಕಡ್ಡಿಯಿಂದ. ಕರ್ರಗೆ, ಹಟಮಾರಿ. ಕೆಂಪಗೆ ಕಾಯಿಸಿದರೆ ಮಾತ್ರ ಬಾಗುತ್ತದೆ, ಬಾಗಿಸಿ ಅರದಿಂದ ಎದುರುಮುಳ್ಳು ಎಬ್ಬಿಸಿ, ಮತ್ತೆ ಕಾಯಿಸಿ ಸೇಂಗಾ ಎಣ್ಣೆಯಲ್ಲಿ ಅದ್ದಬೇಕು. ತುದಿಯಲ್ಲಿ ಬಟ್ಟೆ ಹೊಲಿಯುವ ತೂತು ಮೊದಲೇ ಇರುತ್ತದೆ, ಅದೇ ದಾರ ಕಟ್ಟುವ ಕಿವಿ. ದೊಡ್ಡ ಮೀನಿಗೆ ಸೈಕಲ್ ಕಡ್ಡಿ ತಡೆಯುವುದಿಲ್ಲ, ಛತ್ರಿಯದು ಬಿಚ್ಚುವುದಿಲ್ಲ ಎಂದು ಮಾಮಾ ಎಷ್ಟೋ ಸಲ ಬಾಯಿಬಿಟ್ಟು ಹೇಳಿದ್ದ. ಅದೇ ತಪ್ಪಾಯಿತು. ಎದುರಾಳಿ ತಾನಾಗಿ ಬಂದು ಹೇಳುವ ಉಪಾಯ ನಿಜವಾಗಿರಲು ಹೇಗೆ ಸಾಧ್ಯ? ಕಾಕಾ ಅದನ್ನು ಕೇಳಿದ ದಿನದಿಂದ ಸೈಕಲ್ ಕಡ್ಡಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದರು.

ಜೂನ್ ಎರಡನೇ ವಾರ, ರವಿವಾರ. ಮೇಲ್ಗಡೆ ಹೊಳೆಗೆ ಅಡ್ಡ ಕಟ್ಟಿದ ಬಂಧಾರಾದ ಹಲಗೆ ತೆಗೆದಿದ್ದಾರೆ, ಸಂಜೆ ಒಳಗೆ ಕೆಂಪು ನೀರು ಬರುತ್ತದೆ ಎಂದು ಮಧ್ಯಾಹ್ನ ಎಲ್ಲರ ಮೊಬೈಲಿಗೂ ಸುದ್ದಿ ಬಂತು. ಕಾಕಾಗೆ ಉಳಿದದ್ದು ಮೂರು ತಾಸು. ಕಲ್ಲು ಉಳಿಯಬೇಕಾದರೆ ಮೂರು ತಾಸಿನಲ್ಲಿ ಮೊಳಕ್ಕಿಂತ ಉದ್ದದ ಶಿಂಗಾಳಾ ಬೀಳಬೇಕು. ಅವರು ನನ್ನನ್ನು ಕರೆಸಿದರು. ಹೋಗಿ ನೋಡಿದರೆ ಅಂಗಳದಲ್ಲಿ ಅವರ ನೌಕರಿಯ ಕಾಲದ ಛತ್ರಿ ಮೂರು ಕಡ್ಡಿ ಕಿತ್ತುಕೊಂಡು, ಕಪ್ಪು ಬಟ್ಟೆ ಜೋತುಬಿಟ್ಟು ಬಿದ್ದಿತ್ತು. ಒಲೆಯ ಮುಂದೆ ಕಾಕಾ, ಪಕ್ಕದಲ್ಲಿ ಎಣ್ಣೆಯ ವಾಟಿ. ಮೂರು ಕರಿ ಗಾಳಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ತಂತಿ ಸುತ್ತುತ್ತಿದ್ದರು.

"ಇದು ಮೀನಿಗಲ್ಲ, ತಮ್ಮಾ," ಎಂದರು. "ಮೀನಿಗಿ ಸೈಕಲ್ ಕಡ್ಡಿ ಸಾಕ. ಛತ್ರಿ ಮನಷ್ಯಾಗ ಛತ್ರಿ ಕಡ್ಡೀನ ಬೇಕ."

ಮಾಮಾ ಯಾವಾಗಲೂ ತುಂಬುತೋಳಿನ ಅಂಗಿ ಹಾಕುತ್ತಾನೆ. ಗಾಳ ನೆಟ್ಟಗೆ ಮಾಡಲು ನೀರಲ್ಲಿ ಕೈ ಹಾಕಿದರೆ ತೋಳು ಸಿಗುತ್ತದೆ, ಸಿಕ್ಕರೆ ಬಿಚ್ಚುವುದಿಲ್ಲ, ಬಿಚ್ಚುವುದಿಲ್ಲವೆಂದು ಹೇಳಿದವನೇ ಅವನು. ಇದು ಕಾಕಾ ಲೆಕ್ಕ. ತಂಗೂಸು ಕಡಿಯುತ್ತಾನೆಂದು ಅದರ ಬದಲು ಎಮ್ಮೆಯ ನೈಲಾನ್ ಹಗ್ಗ. ಕಳ್ಳನಿಗೆ ಸಂಶಯ ಬರಬಾರದೆಂದು ಮೇಲೆ ಕೋಳಿಯ ಕರುಳು, ದಿನದ ಎರೆಹುಳಕ್ಕಿಂತ ಹತ್ತು ಪಟ್ಟು. ಬೆಂಡು ಅದೇ ನೀಲಿ ಅಟ್ಟೆ. ಸಿಕ್ಕ ತೋಳನ್ನು ಹಿಡಿದುಕೊಂಡೇ ಬಸ್‌ಸ್ಟ್ಯಾಂಡಿಗೆ ನಡೆಸುತ್ತೇನೆ, ಎಲ್ಲರ ಮುಂದೆ ಇವತ್ತಿಗೆ ಗೆಳೆತನ ಮುಗಿಯಿತು ಅನ್ನುತ್ತೇನೆ ಎಂದರು. ಹೇಳುವಾಗ ಅವರ ಕಣ್ಣು ಅಂಗಳದ ಛತ್ರಿಯ ಮೇಲಿತ್ತು.

ಆಗಲೇ ನಾನು ಎಲ್ಲ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ ಸಹ. ಆದರೆ ಕಾಕಾ ನನ್ನ ಹೆಗಲ ಮೇಲೆ ಕೈ ಇಟ್ಟು, ಊರಾಗ ನಾ ನಂಬೂದು ನಿನ್ನೊಬ್ಬನ್ನ ಎಂದುಬಿಟ್ಟರು. ಮೂವತ್ತೊಂದು ವರ್ಷ ಯಾರನ್ನೂ ನಂಬದ ಮನುಷ್ಯ ಕಡೆಗೂ ಒಬ್ಬನನ್ನು ಹುಡುಕಿ ನಂಬಿದ್ದ. ತೆರೆದ ಬಾಯಿ ಮುಚ್ಚಿದೆ.

ಅವರು ನನಗೆ ಕೊಟ್ಟ ಕೆಲಸ ಕೇಳಿ. ಮೇಲ್ಗಡೆ ಜೊಂಡಿನಲ್ಲಿ ಅಡಗಿ ಕಾವಲು ಕೂರಬೇಕು. ಬೆಂಡಿಗೆ ಕಟ್ಟಿದ ಇನ್ನೊಂದು ದಾರ ನನ್ನ ಮಣಿಕಟ್ಟಿಗೆ. ಕಳ್ಳ ಕಂಡೊಡನೆ ಎರಡು ಸಲ ಜಗ್ಗಬೇಕು, ಅವರು ದಂಡೆಯಿಂದ ಹಗ್ಗ ಎಳೆಯುತ್ತಾರೆ. ನಾನು ನನ್ನದೇ ಪೊದೆಯಲ್ಲಿ, ನಾನೇ ತುಳಿದು ಮಾಡಿದ ಜಾಗದಲ್ಲಿ ಕೂತು ನನ್ನನ್ನೇ ಕಾಯತೊಡಗಿದೆ. ಮಾಮಾ ಬಾರದಿರಲಿ ಎಂದು ಬೇಡಿಕೊಂಡೆ. ಬಂದರೂ ಬರಬಹುದು ಎಂಬ ಸಂಶಯವೂ ಇತ್ತು. ಹೊಳೆಯ ಬಣ್ಣ ಆಗಲೇ ತುಸು ಚಹಾದ ಹಾಗಾಗಿತ್ತು. ಕಾಕಾ ಮಾತ್ರ ಹೊಳೆ ನೋಡುತ್ತಿರಲಿಲ್ಲ, ದಂಡೆಗುಂಟ ಬರುವ ಹಾದಿಯನ್ನೇ ನೋಡುತ್ತಿದ್ದರು.

ಆ ಹಾದಿಯಲ್ಲಿ ದಸ್ತಗೀರ ಮಾಮಾ ಬಂದೇಬಿಟ್ಟ.

ಬಂದದ್ದು ಬೇರೆ ಕಾರಣಕ್ಕೆ. ಸುಂದರಾ ಕಾಕೂ ಮುರಿದ ಛತ್ರಿಯನ್ನು ಅವನ ಅಂಗಡಿಗೆ ಒಯ್ದು ತೋರಿಸಿದ್ದರಂತೆ. ಇಷ್ಟು ವರ್ಷ ತಾನು ಬದುಕಿಸಿದ ಛತ್ರಿಯನ್ನು ಕೊಂದವರು ಯಾರೆಂದು ಕೇಳಲು ಅದರ ಎಲುಬನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದ. ನನಗದು ಆಗ ಗೊತ್ತಿಲ್ಲ. ಕಾಕಾ ಸೆಟೆದು ನಿಂತದ್ದು ಕಂಡಿತು. ಮಾಮಾ ಹುಣಸೆಯ ನೆರಳಿಗೆ ಬಂದು ಅವರ ಪಕ್ಕದಲ್ಲೇ ನಿಂತದ್ದೂ ಕಂಡಿತು. ಅದೇ ಗಳಿಗೆಗೆ ನೀಲಿ ಬೆಂಡಿನ ಒಂದು ಅಂಚು ಬಾಗಿತು. ಆಮೇಲೆ ಬೆಂಡೇ ಕಾಣಲಿಲ್ಲ.

ನನ್ನ ಮಣಿಕಟ್ಟಿನ ದಾರ ಬಿಗಿಯಿತು. ಕಾಕಾ ಎಳೆದರು ಅಂದುಕೊಂಡೆ. ಆದರೆ ಅದು ದಂಡೆಯ ಕಡೆಗಲ್ಲ, ಹೊಳೆಯ ಒಳಕ್ಕೆ, ಮೇಲ್ಮುಖವಾಗಿ ಹೊರಟಿತ್ತು. ನಾನು ಮೂರು ದಿನ ಆಡಿದ ಆಟವನ್ನು ಯಾರೋ ನನ್ನ ಮೇಲೆ ಆಡುತ್ತಿದ್ದರು. ಒಂದು ಜಗ್ಗಿಗೆ ಮೊಣಕಾಲೂರಿದೆ, ಎರಡನೆಯದಕ್ಕೆ ಎದೆಯ ತನಕ ನೀರಲ್ಲಿದ್ದೆ. ಹೆದರಿಕೆಯಲ್ಲಿ ಮನುಷ್ಯ ತನ್ನ ತಾಯಿನುಡಿಗೆ ಮರಳುತ್ತಾನಂತೆ. ನನ್ನ ಗಂಟಲು ಆ ಜಾಗದ ರೂಢಿಗೆ ಮರಳಿತು. ಮೂಗಿಗೆ ನೀರು ಹೋಗಿ ಎರಡು ಸಲ ಕೆಮ್ಮಿದೆ, ಆಮೇಲೆ ಕೂಗಿದ್ದೂ ದಸ್ತಗೀರ ಮಾಮಾನ ದನಿಯಲ್ಲೇ:

"ಕಂಡಕ್ಟರ್ ಸಾಹೇಬ್ರ, ಎಳೀರಿ, ಇದು ಬರೋಬ್ಬರ ಇಲ್ಲಾ!"

ದಂಡೆಯ ಮೇಲೆ ಕಾಕಾ ಜೊಂಡಿನ ಕಡೆ ನೋಡಿದರು. ಪಕ್ಕದಲ್ಲಿ ನಿಂತಿದ್ದ ದಸ್ತಗೀರನ ಮುಚ್ಚಿದ ಬಾಯಿಯನ್ನು ನೋಡಿದರು. ಮತ್ತೆ ಜೊಂಡು, ಮತ್ತೆ ಬಾಯಿ. ಮಾಮಾನೂ ತನ್ನ ದನಿ ತನ್ನನ್ನು ಬಿಟ್ಟು ಅಲ್ಲಿ ಏನು ಮಾಡುತ್ತಿದೆ ಎಂದು ಗಂಟಲು ಮುಟ್ಟಿ ನೋಡಿಕೊಂಡ.

"ಕಾಕಾ, ನಾ ಅಭಿನಂದನ್ರಿ," ಎಂದು ಈ ಸಲ ನನ್ನದೇ ದನಿ ಬಂತು.

ಅವರಿಗೆ ಎಷ್ಟು ಅರ್ಥವಾಯಿತೋ, ಹಗ್ಗ ಮಾತ್ರ ಹಿಡಿದರು. ಮಾಮಾ ಛತ್ರಿಯ ಎಲುಬು ಬಿಸಾಕಿ ಹಿಂದಿನಿಂದ ಹಿಡಿದ. ಮುದುಕರಿಬ್ಬರೂ ಹುಣಸೆಯ ಬೇರಿಗೆ ಕಾಲು ಕೊಟ್ಟು ಎಳೆದರು. ನಾನು ನೀರಲ್ಲಿ ಈಚೆಯಿಂದ ದಾರ ಸುತ್ತಿಕೊಳ್ಳುತ್ತ, ನೀರು ಕುಡಿಯುತ್ತ ದಂಡೆಯ ಕಡೆ ತೆವಳಿದೆ. ಎಷ್ಟೋ ಹೊತ್ತಾದ ಮೇಲೆ ಕೆಸರಿನಲ್ಲಿ ಒಂದು ಅಗಲ ಬಾಯಿ ಎದ್ದಿತು, ಅದರ ಹಿಂದೆ ನೀಲಿಗಪ್ಪು ಬೆನ್ನು. ಕಡೆಯ ಜಗ್ಗಿಗೆ ಅದು ಹೊರಳಿ ಸೀದಾ ನನ್ನ ಎದೆಗೇ ಬಂದು ಬಡಿಯಿತು. ಉಳ್ಳಾಗಡ್ಡಿ ಮುಟ್ಟದ ಮನೆಯ ಮಗ ಶಿಂಗಾಳಾವನ್ನು ಅಪ್ಪಿಕೊಂಡು ದಂಡೆ ಹತ್ತಿದ್ದನ್ನು ಆ ಹೊತ್ತಿಗೆ ಓಡಿ ಬಂದಿದ್ದ ಅರ್ಧ ಊರು ನೋಡಿತು.

ಮುರಿದ ಛತ್ರಿಯನ್ನು ಮೀನಿನ ಪಕ್ಕಕ್ಕೆ ಇಟ್ಟು ಅಳೆದರು. ಹಿಡಿಕೆಯಿಂದ ಮೊನೆಯ ತನಕ ಇತ್ತು, ಬಾಲ ಹೊರಗೆ. ಮೂರು ಕರಿ ಗಾಳಗಳಲ್ಲಿ ಒಂದೂ ಕೂದಲೆಳೆಯಷ್ಟು ಬಿಚ್ಚಿರಲಿಲ್ಲ. ಕಾಕಾ ಅದರ ಬಾಯೊಳಗೆ ಇಣುಕಿ ನೋಡಿದರು. ತುಟಿಯ ಮೂಲೆಯಲ್ಲಿ ಫಳಫಳ ಹೊಳೆಯುವ ಇನ್ನೊಂದು ಗಾಳ ಸಿಕ್ಕಿಕೊಂಡಿತ್ತು. ಸೈಕಲ್ ಕಡ್ಡಿಯದು, ಕಾಕಾ ಕೈಯದೇ, ಗೇಣುದ್ದ ಕಡಿದ ತಂಗೂಸಿನ ಸಮೇತ. ಇಷ್ಟು ದಿನದ ಇಕ್ಕಳ ಈ ಬಾಯಿಯೇ ಎಂಬುದು ಅಲ್ಲಿಗೆ ಇತ್ಯರ್ಥವಾಯಿತು. ಮಾಮಾನ ಮೇಲಿನ ನನ್ನ ಸಂಶಯವೂ ಅಲ್ಲೇ ಇಳಿದುಹೋಯಿತು, ಎಡಗಾಲು ಮುಂದಿಟ್ಟು.

ನಾನು ತೊಯ್ದ ಅಂಗಿಯಲ್ಲೇ ಎಲ್ಲವನ್ನೂ ಒಪ್ಪಿಕೊಂಡೆ. ಜಾರುಗಂಟು, ಜೊಂಡು, ಕೆಮ್ಮು, ಒಂದೂ ಬಿಡಲಿಲ್ಲ. ಮಾಮಾ ಕೇಳುತ್ತಲೇ ಎರಡು ಸಲ ಕೆಮ್ಮಿದ. ಸುತ್ತ ನಿಂತ ಮಂದಿ ಅವನನ್ನು ಬಿಟ್ಟು ನನ್ನನ್ನು ನೋಡಿತು. ಕಾಕಾ ಮುಖ ಮಾತ್ರ ಚೆಕಿಂಗ್‌ಗೆ ಬಂದ ಅಧಿಕಾರಿಯ ಮುಂದೆ ನಿಂತ ಹಾಗಿತ್ತು. ಗೆಳೆಯನ ಕಡೆ ನೋಡಲಾಗದೆ ಮೀನಿನ ಮೀಸೆಯನ್ನೇ ನೋಡುತ್ತ, ಕಲ್ಲು ಈ ವರ್ಷ ದಸ್ತಗೀರನದೇ, ನನಗೆ ಬೇಡ ಎಂದರು.

ಮಾಮಾ ನೆಲದಿಂದ ನೀಲಿ ಅಟ್ಟೆ ಎತ್ತಿಕೊಂಡು ತಿರುವಿ ನೋಡಿದ. ಹಿಮ್ಮಡದ ಕಡೆ ನಾನೇ ಪೆನ್ನಿನಿಂದ ಬರೆದು ಮರೆತುಬಿಟ್ಟಿದ್ದ ನನ್ನ ಹೆಸರಿನ ಮೊದಲ ಅಕ್ಷರ ಇನ್ನೂ ಅಳಿಸಿರಲಿಲ್ಲ.

"ಕಾಯದೆ ಅಂದ್ರ ಕಾಯದೆ. ವಿಚಾರ ಮಾಡೂಣು," ಎಂದ ಅವನು. "ಗಾಳದ ಉಪಾಯ ನಂದು. ಚಪ್ಪಲಿ ಈ ಹುಡುಗಂದು. ಹಗ್ಗ ಸುಂದರಾ ವಹಿನಿ ಎಮ್ಮಿದು. ಎಳದಾವ್ರು ಮೂರೂ ಮಂದಿ. ಇದ್ರಾಗ ನಿಂದೇನೈತ್ಯೋ, ರಾವಸಾಹೇಬಾ?"

ಕಾಕಾ ಮೀನು ನೋಡಿದರು, ಮುರಿದ ಛತ್ರಿ ನೋಡಿದರು, ನನ್ನ ಎಡಗಾಲು ನೋಡಿದರು. ಹುಬ್ಬು ಮೆಲ್ಲಗೆ ಸಡಿಲಾಯಿತು.

"ಸಂಶೆ," ಎಂದರು. "ಸಂಶೆ ಒಂದ ನಂದು. ಅದು ಪೂರಾ ಕೈಯಾರೆ ಮಾಡಿದ್ದು."

ಮೊದಲು ನಕ್ಕವನು ಮಾಮಾ, ನಕ್ಕು ಕಲ್ಲಿನ ಮೇಲಿನ ಧೂಳನ್ನು ತನ್ನ ತುಂಬುತೋಳಿನಿಂದಲೇ ಒರೆಸಿ ಕಾಕಾ ಕೈಹಿಡಿದು ಕೂರಿಸಿದ. ಆಮೇಲೆ ನಾನು, ಆಮೇಲೆ ಮಂದಿ. ಕೆಂಪು ನೀರು ಕಲ್ಲಿನ ಬುಡಕ್ಕೆ ಬಂದು ತಾಗುವಾಗ ಎಲ್ಲರ ನಗು ಇಳಿದಿತ್ತು, ಕಾಕಾ ಅವರದು ಮಾತ್ರ ಏರುತ್ತಲೇ ಇತ್ತು. ಮೂವತ್ತೊಂದು ವರ್ಷ ಬಸ್ಸಿನ ಗದ್ದಲದ ಮೇಲೆ ಕೂಗಿ ಪಳಗಿದ ಗಂಟಲು ಅದು. ಅದರ ನಕಲು ನನಗೆ ಇನ್ನೂ ಬಂದಿಲ್ಲ.